ಕೂಸು ಹೊರುವ ತಂದೆ

ಮಕ್ಕಳ ಮೇಲಿನ ಪ್ರೀತಿಗೆ ನಮ್ಮಲ್ಲಿ ‘ವಾತ್ಸಲ್ಯ’ವೆಂದು ಹೆಸರು. ಈ ಶಬ್ದದ ಮೂಲವನ್ನು ಹುಡುಕುತ್ತ ಹೊರಟರೆ ಕೊನೆಗೆ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುವುದು. ಸಂಸ್ಕೃತದಲ್ಲಿ ‘ವತ್ಸ’ವೆಂದರೆ ಕರು, ಕರುವಿನ ಮೇಲೆ ಅಕ್ಕರೆಯುಳ್ಳ ಹಸು ‘ವತ್ಸಲೆ’, ಅದರ ಮನೋಭಾವವೇ ವಾತ್ಸಲ್ಯ. ಮನುಷ್ಯನ ಅಂತಃಕರಣದ ಅತ್ಯಂತ ಮೃದುವಾದ ಭಾವಕ್ಕೆ ಹೆಸರಿಡಬೇಕಾಗಿ ಬಂದಾಗ ನಮ್ಮ ಪೂರ್ವಿಕರು ಪಶುವನ್ನು ನೋಡಿ ಹೆಸರಿಟ್ಟರು. ಅದರಲ್ಲಿ ಅವರಿಗೆ ಯಾವ ಸಂಕೋಚವೂ ತೋರಲಿಲ್ಲ. ಆದುದರಿಂದ ತಂದೆಯ ವಾತ್ಸಲ್ಯವನ್ನು ಕುರಿತು ಬರೆಯಹೊರಟ ನಾನು ಒಂದು ಜಾತಿಯ ಸಣ್ಣ ಕೋತಿಗಳನ್ನು ವಾಚಕರ ಮುಂದೆ ತಂದು ನಿಲ್ಲಿಸಿದರೆ ಯಾರೂ ಬೇಸರಪಡಲಾರರೆಂದು ನಂಬಿದ್ದೇನೆ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಪುಸ್ತಕದಿಂದಲ್ಲ, ಮನೆಯ ಪಡಸಾಲೆಯಿಂದ. ಕಳೆದ ವರ್ಷ ನನ್ನ ಸೊಸೆ ಅವಳಿ ಮಕ್ಕಳನ್ನು ಹೆತ್ತಳು. ಅವಳ ತಾಯಿಗೆ ದೇಹಾಲಸ್ಯವಿದ್ದುದರಿಂದ ಬಾಣಂತನ ನಮ್ಮಲ್ಲಿಯೇ ನಡೆಯಿತು. ಒಂದು ಕೂಸು ತಾಯಿಯ ಮಡಿಲಲ್ಲಿದ್ದರೆ ಮತ್ತೊಂದು ಅಳುವುದು. ಅದನ್ನು ನನ್ನ ಮಗನು ಎತ್ತಿ ಹೆಗಲಿಗೆ ಹಾಕಿಕೊಂಡು ನಡುರಾತ್ರಿಯಲ್ಲಿಯೂ ಪಡಸಾಲೆಯಲ್ಲಿ ತಿರುಗುತ್ತಿದ್ದನು. ಒಂದು ಬೆಳಗ್ಗೆ ನೆರೆಮನೆಯ ಹಿರಿಯರೊಬ್ಬರು ಅದನ್ನು ಕಂಡು, “ಏನು ಮೇಷ್ಟರೇ, ನಿಮ್ಮ ಮಗ ಬಾಣಂತನಕ್ಕೆ ನಿಂತುಬಿಟ್ಟನಲ್ಲ! ಗಂಡಸಿಗೆ ಹೇಳಿದ ಕೆಲಸವೇ ಇದು?” ಎಂದು ನಕ್ಕರು. ನಾನೂ ನಕ್ಕೆನು. ಒಳಗೆ ಬಂದ ಮೇಲೆ ನನ್ನ ಪತ್ನಿಯು, “ನೀವೇಕೆ ನಕ್ಕಿರಿ? ಇವನು ಹುಟ್ಟಿದಾಗ ನೀವು ನಾಮಕರಣದ ದಿನ ನಮ್ಮ ತವರಿಗೆ ಬಂದು ನೋಡಿ ಹೋದವರು. ಎತ್ತಿಕೊಂಡದ್ದು ಐದು ತಿಂಗಳು ತುಂಬಿ ನಾನು ಇಲ್ಲಿಗೆ ಬಂದ ಮೇಲೆ. ಆಗಲೂ ಕೂಸು ಅತ್ತಿತೆಂದು ತಿರುಗಿ ನನ್ನ ಕೈಗೇ ಕೊಟ್ಟಿರಿ” ಎಂದಳು. ಮೂವತ್ತು ವರ್ಷಗಳಿಗೂ ಮೇಲೆ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಆ ಮಾತಿಗೆ ಉತ್ತರ ದೊರೆಯಲಿಲ್ಲ. ಕೂಸನ್ನು ಹೊರುವುದು ಗಂಡಸಿಗೆ ಸ್ವಭಾವವೇ, ಅಭ್ಯಾಸವೇ, ಅಥವಾ ನೆರೆಯವರೆಂದಂತೆ ಸ್ವಭಾವಕ್ಕೆ ವಿರುದ್ಧವೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದುತ್ತ ಹೋದಾಗ ದಕ್ಷಿಣ ಅಮೆರಿಕದ ಕಾಡುಗಳ ಈ ಪುಟ್ಟ ಪ್ರಾಣಿಗಳ ಪರಿಚಯವಾಯಿತು.

ನಮ್ಮ ಊರುಕೇರಿಗಳ ಕೋತಿಗಳನ್ನು ನೋಡಿದವರು ನೆರೆಯವರ ಪಕ್ಷವನ್ನೇ ವಹಿಸಬಹುದು. ಅವುಗಳಲ್ಲಿ ಮರಿಯು ತಾಯಿಯ ಹೊಟ್ಟೆಯನ್ನು ಅವುಚಿಕೊಂಡಿರುವುದೇ ಹೊರತು ಗಡವ ಕೋತಿ ಮರಿಯನ್ನು ಹೊತ್ತು ತಿರುಗುವುದನ್ನು ನಾವು ಕಾಣೆವು. ಮುಸುವಗಳ ಸಂಗತಿ ಇನ್ನೂ ಕಠೋರವಾದುದು. ೧೯೬೦ರ ದಶಕದ ಆದಿಯಲ್ಲಿ ಯುಕಿಮಾರು ಸುಗಿಯಾಮ ಎಂಬ ಜಪಾನೀ ವಿದ್ವಾಂಸರು ಧಾರವಾಡದ ಸುತ್ತಣ ಕಾಡುಗಳಲ್ಲಿ ಮುಸುವಗಳ ನಡೆವಳಿಯನ್ನು ಪರಿಶೀಲಿಸುತ್ತಿದ್ದರು. ಹೊರಗಿನಿಂದ ಬಂದ ಗಂಡು ಒಂದು ಗುಂಪಿನ ಯಜಮಾನಿಕೆಯನ್ನು ಕಸಿದುಕೊಂಡು, ಅಲ್ಲಿದ್ದ ಎಳೆಮರಿಗಳನ್ನು ಕಚ್ಚಿ ಕೊಂದುದನ್ನು ಅವರು ವರದಿ ಮಾಡಿದರು. ಇಂತಹುದನ್ನು ಕೇಳಿದ ಮೇಲೆ ಗಂಡಿನ ಸ್ವಭಾವವೇ ಹೀಗೆಂದು ಹೇಳಿಬಿಡುವುದು ಸುಲಭ. ಆದರೆ ಪ್ರಕೃತಿಯು ಒಂದೇ ಪಾಠವನ್ನು ಎಲ್ಲರಿಗೂ ಒಪ್ಪಿಸುವುದಿಲ್ಲ.

ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಮಾರ್ಮೊಸೆಟ್ ಎಂಬ ಕೋತಿ ಇದೆ. ಬೆಳೆದ ಪ್ರಾಣಿಯ ತೂಕ ೩೦೦ರಿಂದ ೪೦೦ ಗ್ರಾಮು. ಸುಲಿದ ತೆಂಗಿನಕಾಯಿಯೊಂದಕ್ಕಿಂತಲೂ ಕಡಿಮೆ. ಕಿವಿಗಳ ಬಳಿ ಬಿಳಿಯ ಕೂದಲಿನ ಕುಚ್ಚು, ಬಾಲದಲ್ಲಿ ಪಟ್ಟೆಗಳು. ಇದು ಕೆಳಗಣ ಹಲ್ಲುಗಳಿಂದ ಮರದ ತೊಗಟೆಯನ್ನು ಕೊರೆದು, ಒಸರುವ ಅಂಟನ್ನು ನೆಕ್ಕಿ ಜೀವಿಸುವುದು. ಜತೆಗೆ ಹುಳು ಹಣ್ಣುಗಳೂ ಆಹಾರವೇ. ಇದರ ನೆಂಟನಾದ ಟ್ಯಾಮರಿನ್ ಎಂಬುದರ ಒಂದು ಜಾತಿ ಕೊಲಂಬಿಯಾ ದೇಶದ ವಾಯವ್ಯ ಭಾಗದಲ್ಲಿ ಮಾತ್ರ ಇರುವುದು. ಅದರ ತಲೆಯ ಮೇಲೆ ಹಿಂಜಿದ ಅರಳೆಯಂತೆ ಬಿಳಿಗೂದಲು ನಿಂತಿರುವುದರಿಂದ ಅದನ್ನು ‘ಅರಳೆದಲೆಯ ಟ್ಯಾಮರಿನ್’ ಎಂದು ಕರೆಯೋಣ. ಕಾಡು ಕಡಿದು ಕಡಿದು ಅದರ ಸಂತತಿ ಈಗ ನಾಶದ ಅಂಚಿಗೆ ಬಂದಿದೆ.

ಈ ಎರಡು ಜಾತಿಗಳಲ್ಲಿಯೂ ಅವಳಿ ಮರಿಗಳು ಹುಟ್ಟುವುದೇ ಸಾಮಾನ್ಯ. ಎರಡು ಮರಿಗಳ ತೂಕವನ್ನು ಕೂಡಿದರೆ ತಾಯಿಯ ತೂಕದ ಐದನೆಯ ಒಂದು ಪಾಲಿನ ಹತ್ತಿರಕ್ಕೆ ಬರುವುದು. ಐವತ್ತು ಕಿಲೋ ತೂಗುವ ಹೆಣ್ಣುಮಗಳು ಹತ್ತು ಕಿಲೋ ಭಾರದ ಮಕ್ಕಳನ್ನು ಹೆತ್ತಂತೆ! ಸಾಲದುದಕ್ಕೆ, ಹೆತ್ತ ಎರಡು ಮೂರು ವಾರಗಳೊಳಗಾಗಿಯೇ ತಾಯಿ ಮತ್ತೆ ಗರ್ಭವನ್ನು ಧರಿಸಬಹುದು. ಒಡಲಲ್ಲಿ ಮುಂದಿನ ಅವಳಿ, ಎದೆಯಲ್ಲಿ ಈಗಿನ ಅವಳಿ. ಇನ್ನು ಬೆನ್ನಿನ ಮೇಲೆಯೂ ಹೊತ್ತು ಕೊಂಬೆಯಿಂದ ಕೊಂಬೆಗೆ ನೆಗೆಯಬೇಕೆಂದರೆ ಆ ಪುಟ್ಟ ದೇಹ ಎಷ್ಟನ್ನು ಸಹಿಸೀತು? ಆದುದರಿಂದ ಹುಟ್ಟಿದ ಮೊದಲ ದಿನಗಳಿಂದಲೇ ತಂದೆಯು ಮರಿಗಳನ್ನು ತನ್ನ ಬೆನ್ನಿಗೆ ತೆಗೆದುಕೊಳ್ಳುವುದು. ಹಾಲೂಡುವ ಹೊತ್ತಿಗೆ ತಾಯಿಯ ಬಳಿ. ಹಾಲು ಮುಗಿಯಿತೋ, ತಿರುಗಿ ತಂದೆಯ ಬೆನ್ನು. ತಂದೆಗೆ ದಣಿವಾದರೆ ಹಿಂದಿನ ಹೆರಿಗೆಗಳ ಅಣ್ಣಂದಿರೂ ಅಕ್ಕಂದಿರೂ ಸರದಿಯ ಮೇಲೆ ಹೊರುವರು. ಮರಿಗಳು ಹಾಲು ಬಿಡುವ ಕಾಲಕ್ಕೆ ತಂದೆಯೂ ಅಣ್ಣಂದಿರೂ ಹುಳುವನ್ನೋ ಹಣ್ಣನ್ನೋ ಹಿಡಿದು, ವಿಶೇಷವಾದ ದನಿಯಿಂದ ಕರೆದು, ತಮ್ಮ ಬಾಯಿಯದನ್ನು ಅವುಗಳಿಗೆ ಬಿಟ್ಟುಕೊಡುವರು.

ಈ ಹೊರೆ ಸುಲಭವಾದುದಲ್ಲ. ಮರಿ ಹೊತ್ತ ಗಂಡಿಗೆ ನೆಗೆತದ ಬಲ ಕುಗ್ಗುವುದು, ಮೇವು ಹುಡುಕಲು ಹೊತ್ತು ಸಾಲದು. ಅರಳೆದಲೆಯ ಟ್ಯಾಮರಿನ್ ತಂದೆಗಳನ್ನು ತೂಗಿ ನೋಡಿದವರು, ಮರಿಗಳು ಹುಟ್ಟಿದ ಬಳಿಕ ಕೆಲವು ತಂದೆಗಳು ದೇಹದ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಂಡುದನ್ನು ಕಂಡಿದ್ದಾರೆ.

ಇಷ್ಟನ್ನು ಕಂಡ ಮೇಲೆ, ಈ ಗಂಡಿನೊಳಗೆ ನಡೆಯುವುದಾದರೂ ಏನು ಎಂದು ಕೇಳುವುದು ಸಹಜ. ಅದನ್ನು ತಿಳಿಯಲು ‘ಹಾರ್ಮೋನು’ ಎಂಬ ಮಾತನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ದೇಹದಲ್ಲಿ ನಾಳಗಳಿಲ್ಲದ ಕೆಲವು ಗ್ರಂಥಿಗಳುಂಟು. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುವುವು. ರಕ್ತದೊಡನೆ ಹರಿದ ಆ ರಸ ದೂರದ ಮತ್ತೊಂದು ಅವಯವಕ್ಕೆ ‘ಏಳು, ಕೆಲಸ ಮಾಡು’ ಎಂದು ಪ್ರೇರಣೆ ಕೊಡುವುದು. ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ೧೯೦೫ರಲ್ಲಿ ಇಂತಹ ರಸಗಳಿಗೆ, ಪ್ರಚೋದಿಸುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಈ ಹೆಸರನ್ನು ಬಳಕೆಗೆ ತಂದರು. ನಮ್ಮ ಕಥೆಗೆ ಮುಖ್ಯವಾದ ರಸ ಪ್ರೊಲ್ಯಾಕ್ಟಿನ್. ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಯಿಟರಿ ಗ್ರಂಥಿಯಿಂದ ಇದು ಹೊರಡುವುದು. ತಾಯಿಯ ಎದೆಯಲ್ಲಿ ಹಾಲನ್ನು ಉತ್ಪನ್ನ ಮಾಡಿಸುವುದರಿಂದ ಇದಕ್ಕೆ ಆ ಹೆಸರು. ಹಾಗಾದರೆ ಇದು ಹೆಂಗಸರ ಸೊತ್ತೆಂದು ಭಾವಿಸಬಾರದು. ೧೯೩೦ರ ದಶಕದ ಆದಿಯಲ್ಲಿ ಇದಕ್ಕೆ ಹೆಸರಿಟ್ಟ ಅಮೆರಿಕದ ಆಸ್ಕರ್ ರಿಡಲ್ ಮತ್ತು ಅವರ ಜತೆಗಾರರು ಇದನ್ನು ಪರೀಕ್ಷಿಸಿದ್ದು ಪಾರಿವಾಳಗಳಲ್ಲಿ. ಪಾರಿವಾಳಗಳಲ್ಲಿ ಗಂಡು ಹೆಣ್ಣು ಎರಡೂ ಕುತ್ತಿಗೆಯ ಬುಡದ ಚೀಲದಲ್ಲಿ ಹಾಲಿನಂತಹ ಗಂಜಿಯನ್ನು ಉತ್ಪಾದಿಸಿ ಮರಿಗಳಿಗೆ ಗುಟುಕು ಕೊಡುವುವು. ಆ ಹಾಲನ್ನು ಉಕ್ಕಿಸುವುದೂ ಇದೇ ರಸವೇ.

ಇನ್ನು ಕೋತಿಗಳಿಗೆ ಬರೋಣ. ೧೯೮೨ರಲ್ಲಿ ಅಲನ್ ಡಿಕ್ಸನ್ ಮತ್ತು ಜಾರ್ಜ್ ಎಂಬವರು ಮಾರ್ಮೊಸೆಟ್ ಗಂಡುಗಳ ರಕ್ತವನ್ನು ಪರೀಕ್ಷಿಸಿದರು. ಮರಿಗಳನ್ನು ಹೊತ್ತಿದ್ದ ತಂದೆಗಳ ರಕ್ತದಲ್ಲಿ ಪ್ರೊಲ್ಯಾಕ್ಟಿನ್, ಹೊರದಿದ್ದ ಗಂಡುಗಳಲ್ಲಿರುವುದರ ಸುಮಾರು ಐದರಷ್ಟಿತ್ತು. ಎದೆಹಾಲಿಲ್ಲದ ಗಂಡಿನಲ್ಲಿ ಹಾಲಿನ ರಸ! ಬಳಿಕ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ನೌಡನ್ ಮತ್ತು ಟೋನಿ ಝೀಗ್ಲರ್ ಅವರು ಅರಳೆದಲೆಯ ಟ್ಯಾಮರಿನ್‌ಗಳ ಸಂಸಾರಗಳನ್ನು ಬಹುಕಾಲ ಪರಿಶೀಲಿಸಿದರು. ಪ್ರಾಣಿಗಳನ್ನು ಚುಚ್ಚಿ ರಕ್ತ ತೆಗೆಯದೆ ಅವುಗಳ ಮೂತ್ರದಲ್ಲಿಯೇ ಈ ರಸಗಳನ್ನು ಅಳೆದರು. ಹಾಗೆ ಅಳೆದಾಗ ತಂದೆಗಳಲ್ಲಿ ಪ್ರೊಲ್ಯಾಕ್ಟಿನ್ ಏರಿದ್ದುದಷ್ಟೇ ಅಲ್ಲ, ಮರಿಗಳು ಹುಟ್ಟುವುದಕ್ಕೆ ಮುಂಚೆಯೇ ಏರತೊಡಗಿದ್ದುದು ಕಂಡುಬಂದಿತು. ತಾಯಿ ಗರ್ಭಿಣಿಯಾಗಿರುವಾಗ ತಂದೆಯ ದೇಹವೂ ಸಿದ್ಧವಾಗುತ್ತಿದ್ದಿತು. ೨೦೦೬ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯ ಪ್ರಕಾರ, ಈ ಎರಡು ಜಾತಿಯ ಗಂಡುಗಳೂ ಹೆಣ್ಣಿನ ಗರ್ಭಕಾಲದಲ್ಲಿ ತಾವೂ ಮೈತುಂಬಿಕೊಳ್ಳುವುವು. ಮುಂದೆ ಹೊರಬೇಕಾದ ಭಾರಕ್ಕೆ ಬುತ್ತಿ ಕಟ್ಟಿಕೊಂಡಂತೆ.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಈ ಸಿದ್ಧತೆ ಎಲ್ಲ ಗಂಡುಗಳಲ್ಲಿಯೂ ಒಂದೇ ತೆರನಾಗಿ ನಡೆಯುವುದಿಲ್ಲ. ಹಲವು ಸಲ ಮರಿಗಳನ್ನು ಸಾಕಿದ ಅನುಭವಿ ತಂದೆಯ ದೇಹ ಗರ್ಭಕಾಲದ ನಡುವಿನಲ್ಲಿಯೇ ಎಚ್ಚೆತ್ತುಕೊಳ್ಳುವುದು. ಅನುಭವ ಸಾಲದ ಗಂಡಿನಲ್ಲಿ ಆ ಬದಲಾವಣೆಗಳು ಕಾಣುವುದು ಕೊನೆಯ ತಿಂಗಳಲ್ಲಿ. ಅಂದರೆ ರಸವೇ ವಾತ್ಸಲ್ಯವನ್ನು ಹುಟ್ಟಿಸಿತು ಎಂದು ಹೇಳಿ ಮುಗಿಸುವಂತಿಲ್ಲ. ಹಿಂದೆ ತೋರಿದ ವಾತ್ಸಲ್ಯವೇ ಮುಂದಿನ ರಸವನ್ನು ಬೇಗ ಕರೆತರುವುದೂ ಉಂಟು.

ಎರಡನೆಯ ರಸ ಟೆಸ್ಟೊಸ್ಟೆರೋನ್. ಗಂಡಿನ ಗಂಡುತನಕ್ಕೂ ಪೈಪೋಟಿಗೂ ಇದು ಕಾರಣವೆಂದು ಪ್ರಸಿದ್ಧಿ. ಮತ್ತೊಂದು ಜಾತಿಯ ಮಾರ್ಮೊಸೆಟ್‌ಗಳಲ್ಲಿ ಅಮೆರಿಕದ ಜೆಫ್ರಿ ಫ್ರೆಂಚ್ ಮತ್ತು ಅವರ ಸಂಗಡಿಗರು, ಹೊರುವ ಕೆಲಸ ಹೆಚ್ಚಾಗಿರುವ ವಾರಗಳಲ್ಲಿ ತಂದೆಯ ಟೆಸ್ಟೊಸ್ಟೆರೋನ್ ಇಳಿಯುವುದೆಂದು ತೋರಿಸಿದರು. ೨೦೦೮ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕೌತುಕಕರವಾದುದು: ಸ್ವಂತ ಮರಿಯ ಮೈಗಂಧವನ್ನು ಮೂಸಿದ ತಂದೆಯ ರಕ್ತದಲ್ಲಿ ಇಪ್ಪತ್ತು ನಿಮಿಷಗಳೊಳಗೆ ಈ ರಸ ಇಳಿಯಿತು. ಹಸುಗೂಸಿನ ನೆತ್ತಿಯನ್ನು ಮೂಸುವುದು ನಮ್ಮ ಹಿರಿಯರಲ್ಲಿ ಪ್ರೀತಿಯ ಕುರುಹಾಗಿತ್ತು. ಅದನ್ನು ಸಂಸ್ಕೃತದಲ್ಲಿ ‘ಶಿರೋಘ್ರಾಣ’ವೆನ್ನುವರು. ಆ ಆಚಾರ ನನಗೆ ನೆನಪಾಯಿತು. ಇನ್ನೊಂದು ಪ್ರಯೋಗದಲ್ಲಿ ಪರಿಚಯವಿಲ್ಲದ ಹೆಣ್ಣಿನ ಗಂಧವನ್ನು ಗಂಡುಗಳ ಮೂಗಿಗೆ ಹಿಡಿದರು. ಮರಿಗಳಿಲ್ಲದ ಗಂಡುಗಳಲ್ಲಿ ಟೆಸ್ಟೊಸ್ಟೆರೋನ್ ಏರಿತು. ಮರಿಗಳನ್ನು ಸಾಕುತ್ತಿದ್ದ ಗೃಹಸ್ಥರಲ್ಲಿ ಏರಲಿಲ್ಲ. ಇದಕ್ಕೆ ವ್ಯಾಖ್ಯಾನ ಬರೆಯುವ ಅವಶ್ಯಕತೆ ಇಲ್ಲವೆಂದು ತೋರುವುದು.

ಆದರೆ ಕಾರಣ ಯಾವುದು, ಕಾರ್ಯ ಯಾವುದು? ರಸ ಏರಿದುದರಿಂದ ತಂದೆ ಮರಿಯನ್ನು ಹೊತ್ತನೋ, ಹೊತ್ತುದರಿಂದ ರಸ ಏರಿತೋ? ತರ್ಕಶಾಸ್ತ್ರವನ್ನು ಓದಿದವರಿಗೆ ಈ ಪ್ರಶ್ನೆ ಬಿಡಲಾಗದುದು. ವಿಜ್ಞಾನಿಗಳೂ ಬಿಡಲಿಲ್ಲ. ಪ್ರೊಲ್ಯಾಕ್ಟಿನ್ನನ್ನು ಅಡಗಿಸುವ ಔಷಧವೊಂದನ್ನು ಮಾರ್ಮೊಸೆಟ್‌ಗಳಿಗೆ ಕೊಟ್ಟು ನೋಡಿದರು. ಇನ್ನೂ ತಾಯ್ತಂದೆಗಳಾಗದ ಪ್ರಾಣಿಗಳಲ್ಲಿ ಔಷಧದಿಂದಾಗಿ ಮರಿಗಳ ಮೇಲಿನ ಆಸ್ಥೆ ತಗ್ಗಿತೆಂದು ೨೦೦೧ರ ವರದಿ ಹೇಳುವುದು. ಆದರೆ ಈ ಮೊದಲೇ ಮರಿಗಳನ್ನು ಸಾಕಿದ ತಂದೆಗಳಲ್ಲಿ ಅದೇ ರಸವನ್ನು ಅಡಗಿಸಿದಾಗ ಅವು ಎಂದಿನಂತೆಯೇ ಮರಿಗಳನ್ನು ಹೊತ್ತುವೆಂದು ೨೦೦೬ರ ವರದಿ. ಎರಡನ್ನೂ ಕೂಡಿಸಿ ಓದಿದರೆ ತಾತ್ಪರ್ಯ ಹೀಗೆ ಹೊಳೆಯುವುದು: ಹೊಸಬನಿಗೆ ರಸದ ಆಸರೆ ಬೇಕು, ಕೈ ಪಳಗಿದವನಿಗೆ ಅದರ ಆಸರೆ ಅಷ್ಟಾಗಿ ಬೇಡ. ಅಕ್ಷರ ಕಲಿಯುವ ಹುಡುಗನು ತಿದ್ದುವುದಕ್ಕೆ ಮೇಲ್ಪಂಕ್ತಿಯನ್ನು ನೋಡುವನು. ಕೈ ಕುದುರಿದ ಮೇಲೆ ಅದನ್ನು ಅಳಿಸಿದರೂ ಬರೆಯುವನು.

ಹೆರದವರಲ್ಲಿಯೂ ಈ ರಸ ಏಳುವುದೆಂಬುದು ಇದಕ್ಕೆ ಪೋಷಕವಾದ ಸಾಕ್ಷ್ಯ. ಬ್ರೆಜಿಲ್ಲಿನಲ್ಲಿಯೇ ನಡೆದ ಪರಿಶೀಲನೆಯಲ್ಲಿ, ಮರಿಗಳನ್ನು ಹೊರುವ ಅಣ್ಣ ಅಕ್ಕಂದಿರಲ್ಲಿಯೂ ಪ್ರೊಲ್ಯಾಕ್ಟಿನ್ ಏರಿದುದು ಕಂಡಿತು. ತಮ್ಮ ತಂಗಿಯರನ್ನು ಹೊರುವ ಅವಕಾಶವಿಲ್ಲದೆ ಬೆಳೆದ ಟ್ಯಾಮರಿನ್‌ಗಳು ಮುಂದೆ ತಾವೇ ತಾಯ್ತಂದೆಗಳಾದಾಗ ಮರಿಗಳನ್ನು ಬೆನ್ನಿನಿಂದ ಕೆಡವುವುದೂ ಹತ್ತಿರ ಸೇರಿಸದಿರುವುದೂ ಹೆಚ್ಚು. ಅವುಗಳ ಮೊದಲ ಮರಿಗಳು ಉಳಿಯುವುದು ವಿರಳ. ಇಲ್ಲಿ ತಾಯಿಯೂ ಅಪವಾದವಲ್ಲ. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಮಗುವನ್ನು ಸಾಕುವ ವಿದ್ಯೆ ತಾನಾಗಿ ಬರುವುದೆಂದು ನಾವು ತಿಳಿದಿರುವೆವು. ಅದು ಪೂರ್ಣ ಸತ್ಯವಲ್ಲ. ಗುಂಡಿಯನ್ನು ಒತ್ತಿದರೆ ಮರಿಯ ಪ್ರತಿಕೃತಿ ಕಾಣುವಂತೆಯೂ ಮರಿಯ ಅಳು ನಿಲ್ಲುವಂತೆಯೂ ಒಂದು ಯಂತ್ರವನ್ನು ಮಾಡಿ, ಕ್ರಿಸ್ಟೋಫರ್ ಪ್ರೈಸ್ ಎಂಬವರೂ ಅವರ ಜತೆಗಾರರೂ ೧೯೯೩ರಲ್ಲಿ ಮಾರ್ಮೊಸೆಟ್ ಹೆಣ್ಣುಗಳನ್ನು ಪರೀಕ್ಷಿಸಿದರು. ತುಂಬು ಗರ್ಭದ ಕಾಲದಲ್ಲಿರುವಂತೆಯೇ ರಸಗಳನ್ನು ಕೊಟ್ಟಾಗ ಅವು ಗುಂಡಿಯನ್ನು ಹೆಚ್ಚಾಗಿ ಒತ್ತಿದುವು. ತಾಯಿಗೂ ಸಿದ್ಧತೆ ಬೇಕು, ಅಭ್ಯಾಸವೂ ಬೇಕು. ಕಲಿಯದೆ ಬರುವುದು ಅವಳಿಗೂ ಅಷ್ಟಕ್ಕಷ್ಟೆ. ಕಲಿತರೆ ಬರುವುದು ಅವನಿಗೂ ಉಂಟು.

ಹೊರುವುದರ ಗುರುತು ಮೆದುಳಿನಲ್ಲಿಯೂ ಉಳಿಯುವುದು. ೨೦೦೬ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮಾರ್ಮೊಸೆಟ್ ತಂದೆಗಳ ಮೆದುಳಿನ ಮುಂಭಾಗವನ್ನು, ಮರಿಗಳಿಲ್ಲದ ಗಂಡುಗಳ ಮೆದುಳಿನೊಡನೆ ಹೋಲಿಸಿದರು. ಒಂದು ನರಕೋಶ ಇನ್ನೊಂದರಿಂದ ಸಂದೇಶವನ್ನು ಪಡೆಯುವ ಸೂಕ್ಷ್ಮವಾದ ಮುಳ್ಳುಗಳು ತಂದೆಗಳಲ್ಲಿ ಹೆಚ್ಚು ದಟ್ಟವಾಗಿದ್ದುವು. ವಾಸೊಪ್ರೆಸಿನ್ ಎಂಬ ಮತ್ತೊಂದು ರಸವನ್ನು ಗ್ರಹಿಸುವ ಸ್ಥಾನಗಳೂ ಹೆಚ್ಚಾಗಿದ್ದುವು. ಮರಿ ಎಳೆಯದಾದಷ್ಟೂ ಅವು ಹೆಚ್ಚು. ಶಿಷ್ಯನು ಗುರುವಿನಿಂದ ಕಲಿಯುವಂತೆ ತಂದೆ ಮರಿಯಿಂದ ಕಲಿಯುವನೆಂದರೆ ಅತಿಶಯೋಕ್ತಿಯಾಗಲಾರದು.

ಮನುಷ್ಯನು ಮಾರ್ಮೊಸೆಟ್ ಅಲ್ಲ. ಒಂದು ಜಾತಿಯ ಕೋತಿಯ ಧರ್ಮವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದು ಅವಿವೇಕ. ನಮ್ಮ ನಡತೆಯಲ್ಲಿ ಬುದ್ಧಿ, ಆಚಾರ, ಕರ್ತವ್ಯಪ್ರಜ್ಞೆಗಳ ಪಾಲು ದೊಡ್ಡದು. ಆದರೂ ನಮ್ಮ ಶರೀರ ಈ ವಿಷಯದಲ್ಲಿ ಮೂಕವಾಗಿಲ್ಲ. ಕೆನಡಾದಲ್ಲಿ ಆ್ಯನ್ ಸ್ಟೋರಿ ಮತ್ತು ಅವರ ಸಂಗಡಿಗರು, ತಂದೆಯಾಗಲಿರುವ ಪುರುಷರಲ್ಲಿ ಹೆರಿಗೆಯ ಮುಂಚೆ ಪ್ರೊಲ್ಯಾಕ್ಟಿನ್ ಏರುವುದನ್ನೂ ಹೆರಿಗೆಯ ಬಳಿಕ ಟೆಸ್ಟೊಸ್ಟೆರೋನ್ ಇಳಿಯುವುದನ್ನೂ ೨೦೦೦ದಲ್ಲಿ ಪ್ರಕಟಿಸಿದರು. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ ೬೨೪ ಮಂದಿ ಯುವಕರನ್ನು ಕೆಲವು ವರ್ಷ ಅನುಸರಿಸಿ ನೋಡಿದ ಪರಿಶೀಲನೆ ೨೦೧೧ರಲ್ಲಿ ಬಂದಿತು. ತಂದೆಯಾದವರಲ್ಲಿ ಟೆಸ್ಟೊಸ್ಟೆರೋನ್ ಹೆಚ್ಚಾಗಿ ಇಳಿದಿದ್ದಿತು. ಅವರಲ್ಲಿಯೂ ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲದೆ ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದು, ನೋಡಿಕೊಳ್ಳದ ತಂದೆಗಳಲ್ಲಿರುವುದಕ್ಕಿಂತಲೂ ಕಡಿಮೆಯಾಗಿದ್ದಿತು. ಇದನ್ನು ಗಂಡಸುತನದ ಕೊರತೆಯೆಂದು ಯಾರೂ ಹೆದರಬೇಕಾಗಿಲ್ಲ. ಗಂಡಸಿನ ದೇಹದೊಳಗೆ ತಂದೆಯ ದೇಹವೊಂದು ಮಡಿಚಿಟ್ಟಂತೆ ಇರುವುದು. ಕೂಸಿನ ಭಾರ ಬಿದ್ದಾಗ ಅದು ಬಿಚ್ಚಿಕೊಳ್ಳುವುದು. ‘ಪಾ’ ಎಂದರೆ ಕಾಪಾಡು ಎಂಬ ಧಾತುವಿನಿಂದ ‘ಪಿತೃ’ ಶಬ್ದವನ್ನು ನಮ್ಮ ವೈಯಾಕರಣರು ಸಾಧಿಸುವರು. ಈ ಶಬ್ದವನ್ನು ನಾನು ಎಷ್ಟೋ ತರಗತಿಗಳಿಗೆ ಬಿಡಿಸಿ ಹೇಳಿದ್ದೇನೆ. ಅದರ ಅರ್ಥ ಕ್ರಿಯೆಯಲ್ಲಿದೆಯೇ ಹೊರತು ಹುಟ್ಟಿಸಿದ್ದರಲ್ಲಿ ಇಲ್ಲವೆಂಬುದನ್ನು ಮಾತ್ರ ನನ್ನ ಮನೆಯಲ್ಲಿ ನಡೆಸಿ ತೋರಿಸಲಿಲ್ಲ.

ನಮ್ಮ ಪದ್ಧತಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಾಣಂತಿ ತವರಿಗೆ ಹೋಗುವುದರಲ್ಲಿ ಅವಳ ವಿಶ್ರಾಂತಿಗೆ ಬೇಕಾದ ವಿವೇಕವಿದೆ. ಆದರೆ ಅದರ ಫಲವಾಗಿ, ಕೂಸು ತಂದೆಗೆ ಕಲಿಸಬಹುದಾದ ಮೊದಲ ತಿಂಗಳುಗಳಲ್ಲಿ ತಂದೆ ಪಾಠಶಾಲೆಯ ಹೊರಗೇ ಉಳಿಯುವನು. ಬಂದ ಮೇಲೆ ಕೂಸು ಅವನನ್ನು ಕಂಡು ಅಳುವುದು. ಅತ್ತಿತೆಂದು ಅವನು ತಾಯಿಗೆ ಕೊಡುವನು. ಕೊಟ್ಟುದರಿಂದ ಮತ್ತೆ ಕಲಿಯದೆ ಉಳಿಯುವನು. ಕೊನೆಗೆ ಇದು ಗಂಡಸಿಗೆ ಬಾರದ ವಿದ್ಯೆಯೆಂದು ಎಲ್ಲರೂ ಸೇರಿ ತೀರ್ಪು ಹೇಳುವರು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ತಂಗಿಯನ್ನೋ ತಮ್ಮನನ್ನೋ ಸೊಂಟದ ಮೇಲೆ ಹೊತ್ತು ಶಾಲೆಗೆ ಬರುತ್ತಿದ್ದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ; ಗಂಡುಹುಡುಗರಲ್ಲಿ ಹಾಗೆ ಬಂದವರು ನೆನಪಿಗೆ ಬರುವುದಿಲ್ಲ. ಟ್ಯಾಮರಿನ್‌ಗಳ ಸಂಸಾರದಲ್ಲಿ ಅಣ್ಣನಿಗೂ ಆ ಪಾಠ ಉಂಟು.

ನೆರೆಯವರು ನಕ್ಕ ಕೆಲವು ದಿನಗಳ ಮೇಲೆ ನಾನು ಆ ಎರಡನೆಯ ಕೂಸನ್ನು ಮಗನ ಹೆಗಲಿನಿಂದ ಕೇಳಿ ತೆಗೆದುಕೊಂಡೆನು. ಕೈ ನಡುಗಿತು, ಕೂಸು ಅತ್ತಿತು. ಮೂವತ್ತು ವರ್ಷಗಳ ಹಿಂದೆ ಮಾಡಿದಂತೆ ತಿರುಗಿ ಕೊಟ್ಟುಬಿಡಲು ಮನಸ್ಸಾಯಿತು, ಕೊಡಲಿಲ್ಲ. ಒಂದು ವಾರ ಅತ್ತಿತು. ಆಮೇಲೆ ಒಂದು ಸಂಜೆ ನನ್ನ ಹೆಗಲ ಮೇಲೆಯೇ ನಿದ್ದೆಹೋಯಿತು. ಮಗನು ಆಫೀಸಿನಿಂದ ಬಂದವನು ಬಾಗಿಲಲ್ಲಿಯೇ ನಿಂತು ನೋಡಿ, “ಎಬ್ಬಿಸಬೇಡಿ ಅಪ್ಪ, ಹಾಗೆಯೇ ಇರಲಿ” ಎಂದು ಮೆಲ್ಲಗೆ ಹೇಳಿ ಒಳಗೆ ಹೋದನು. ಅವನನ್ನು ಹೀಗೆ ಹೊರಲಿಲ್ಲವೆಂಬುದನ್ನು ಅವನಿಗೆ ಹೇಳಬೇಕೆಂದಿದ್ದೆನು; ಹೇಳಲಾಗಲಿಲ್ಲ. ಆದುದರಿಂದ ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ಎಳೆಗೂಸಿರುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮೊದಲ ದಿನಗಳಲ್ಲಿಯೇ ಕೂಸನ್ನು ತಂದೆಯ ಕೈಗೂ ಕೊಡಿರಿ, ಅತ್ತರೆ ಕೂಡಲೇ ಕಿತ್ತುಕೊಳ್ಳಬೇಡಿರಿ. ದೊಡ್ಡ ಹುಡುಗನಿದ್ದರೆ ಅವನನ್ನೂ ಹತ್ತಿರ ಕೂರಿಸಿಕೊಂಡು ಅವನ ಮಡಿಲಿಗೂ ಸ್ವಲ್ಪ ಹೊತ್ತು ಕೊಡಿರಿ. ವಾತ್ಸಲ್ಯ ಬಂದ ಮೇಲೆ ಹೊರುವೆನೆಂದು ಕಾದು ಕುಳಿತವನು ನನ್ನಂತೆ ಬಹುಕಾಲ ಕಾಯಬೇಕಾದೀತು. ಮೊದಲು ಹೊರಲಿ, ವಾತ್ಸಲ್ಯ ತಾನಾಗಿ ಬಂದು ಸೇರುವುದು.